ಶಟರ್‌ಗೆ ಬೀಗ ಹಾಕ್ತೀನಿ ಅಂತಿದ್ದಾರೆ, ಅಂಗಡಿ ಬಿಡಬೇಕಾ?

ಪ್ರಶ್ನೆ: ಮೈಸೂರಿನಲ್ಲಿ 22 ವರ್ಷದಿಂದ ಟೈಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ಬಾಡಿಗೆ 1,800 ರೂಪಾಯಿ, ಅಡ್ವಾನ್ಸ್ 30 ಸಾವಿರ. 11 ತಿಂಗಳ ಅಗ್ರಿಮೆಂಟ್ ಕೊನೆಯ ಸಲ ಮಾಡಿಸಿದ್ದು 2014ರಲ್ಲಿ, ಆಮೇಲೆ ಎಲ್ಲ ಬಾಯಿಮಾತೇ. ಹಳೇ ಓನರ್ ತೀರಿಕೊಂಡರು. ಈಗ ಅವರ ಮಗ, ಅಗ್ರಿಮೆಂಟ್ ಮುಗಿದಿದೆ, 15 ದಿನದಲ್ಲಿ ಖಾಲಿ ಮಾಡಿ, ಇಲ್ಲಾಂದ್ರೆ ಬೀಗ ಹಾಕ್ತೀನಿ ಅಂತಾರೆ. ಎರಡು ತಿಂಗಳಿಂದ ಬಾಡಿಗೆಯನ್ನೂ ತಗೊಳ್ತಿಲ್ಲ. ಏನು ಮಾಡಲಿ ಸರ್?

ಉತ್ತರ: ಬೀಗಕ್ಕಿಂತ ಆ ಬಾಡಿಗೆಯದೇ ನನಗೆ ಜಾಸ್ತಿ ಚಿಂತೆ. ತಗೊಳ್ತಿಲ್ಲ ಅಂತ ನೀವು ಸುಮ್ನೆ ಇದ್ದರೆ ನಾಳೆ ಅದೇ ಬಾಕಿ ಅಂತ ಕೋರ್ಟಿಗೆ ಹೋಗುತ್ತೆ. ಎರಡು ತಿಂಗಳದ್ದನ್ನೂ ಅಂಚೆ ಕಚೇರಿಯಿಂದ ಎಂ.ಓ. (ಮನಿ ಆರ್ಡರ್) ಮಾಡಿ. ವಾಪಸ್ ಬಂದರೆ ಒಳ್ಳೆಯದೇ, ಆ ಚೀಟಿ ಎತ್ತಿಡಿ.

ಅಗ್ರಿಮೆಂಟ್ ಮುಗಿದ ಮೇಲೂ ಇಷ್ಟು ವರ್ಷ ಬಾಡಿಗೆ ತಗೊಂಡಿದ್ದಾರಲ್ವಾ, ಹಾಗಾಗಿ ನೀವು ತಿಂಗಳ ಬಾಡಿಗೆದಾರರು. 15 ದಿನದ ಮಾತು ಪೂರ್ತಿ ಸುಳ್ಳಲ್ಲ, ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂನಲ್ಲಿದೆ. ಆದರೆ ನಿಮ್ಮದು ಚಿಕ್ಕ ಅಂಗಡಿ ಇದ್ದ ಹಾಗಿದೆ, ಬಾಡಿಗೆಯೂ ಕಡಿಮೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ಅಂಗಡಿಗಳನ್ನು ಕೈಬಿಟ್ಟು 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರದವಕ್ಕೆ ಮಾತ್ರ ರಕ್ಷಣೆ ಉಳಿಸಿದೆ. ಟೇಪ್ ಹೇಗೂ ನಿಮ್ಮ ಕೊರಳಲ್ಲೇ ಇರುತ್ತೆ, ಅಳೆದು ನೋಡಿ. ಒಳಗಡೆ 9ಕ್ಕೆ 12 ಬಂತು ಅಂದ್ಕೊಳ್ಳಿ, 108 ಆಯ್ತು. ಆದರೆ ಲೆಕ್ಕಕ್ಕೆ ಬರುವುದು ಪ್ಲಿಂತ್ ಏರಿಯಾ, ಗೋಡೆಯ ದಪ್ಪವೂ ಸೇರುತ್ತೆ. ನಾಲ್ಕೂ ಕಡೆ ಒಂಬತ್ತಿಂಚಿನ ಗೋಡೆ ಇದ್ದರೆ 142ರ ಹತ್ತಿರ. ಬಚಾವ್. ಅಗಲ 9ರ ಬದಲು 10 ಇದ್ದರೆ 155, ದಾಟಿಬಿಡುತ್ತೆ, ಕೇಸಿನ ದಾರಿಯೇ ಬೇರೆ!

ಮಿತಿಯೊಳಗೆ ಬಂದರೆ ಕಾರಣ ಹೇಳದೆ ಖಾಲಿ ಮಾಡಿಸುವ ಹಾಗಿಲ್ಲ. ಬಾಕಿ ಇದೆ, ಸ್ವಂತಕ್ಕೆ ಬೇಕು, ಇಂಥ ಕಾರಣವನ್ನು ಕೋರ್ಟಿನಲ್ಲಿ ತೋರಿಸಬೇಕು. ಮಗನಿಗೆ ನಿಜವಾಗಿಯೂ ಅಂಗಡಿ ಬೇಕಿದ್ದರೆ ಅದು ಗಟ್ಟಿ ಕಾರಣವೇ, ಮೊದಲೇ ಹೇಳಿಬಿಡುತ್ತೇನೆ.

ಬೀಗವಂತೂ ಯಾವ ಕಾಯ್ದೆಯಲ್ಲೂ ಇಲ್ಲ. ಓನರ್ ಆದರೂ ಕೋರ್ಟ್ ಆದೇಶ ತರಬೇಕು. ತಡೆಯಾಜ್ಞೆ ಕೇಳಿ ನೀವು ಈಗಲೇ ಸಿವಿಲ್ ಕೋರ್ಟಿಗೆ ಹೋಗಬಹುದು. ಹಾಕಿಯೇಬಿಟ್ಟರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಕೆಳಗೆ ಆರು ತಿಂಗಳೊಳಗೆ ದಾವೆ ಹೂಡಿ. ಅಲ್ಲಿ ಆಸ್ತಿ ಯಾರದು ಅಂತ ಕೇಳಲ್ಲ, ಅಂಗಡಿ ನಿಮ್ಮ ಕೈಲಿತ್ತು, ಕಿತ್ತುಕೊಂಡರು, ಅಷ್ಟು ತೋರಿಸಿದರೆ ಸಾಕು. ಹಾಗಾಗಿ ಹಳೇ ಬಾಡಿಗೆ ರಸೀದಿ, ಕರೆಂಟ್ ಬಿಲ್, ಗಿರಾಕಿಗಳ ಅಳತೆ ಪುಸ್ತಕ ಎಲ್ಲ ಇವತ್ತೇ ಮನೆಗೆ ಸಾಗಿಸಿ, ಬೀಗ ಬಿದ್ದರೆ ಅವೂ ಒಳಗೇ ಉಳಿಯುತ್ತವೆ.