ಮಾರ್ಗ ಆಮೇಲೆ, ಮೊದಲು ದುಡ್ಡು ಹೋಗುವ ದಾರಿ ನೋಡಿ

ಇಂಗ್ಲೆಂಡಿನಲ್ಲಿದ್ದೀರಿ. ತೀರಿಕೊಂಡ ಗೆಳೆಯನ ನೆನಪಿಗೆ ಸೈಕಲ್ ಸವಾರಿ ಮಾಡಿ, ಕೂಡಿದ ಹಣವನ್ನು ಅವನ ಊರ ಕಡೆಯ ವಿಧವೆಯರಿಗೆ ಕಳಿಸಬೇಕು ಅಂತಿದ್ದೀರಿ. ಯಾವ ಮಾರ್ಗ, ಎಷ್ಟು ಪೌಂಡಿನ ಗುರಿ, ಜೂನ್ 23 ಒಳ್ಳೆಯ ದಿನವಾ ಅಂತ ಕೇಳಿದ್ದೀರಿ. ನಮ್ಮ ಗುಂಪಿನಲ್ಲೂ ಇವೇ ಮೂರು ಪ್ರಶ್ನೆ ವಾರಗಟ್ಟಲೆ ಚರ್ಚೆಯಾಗಿದ್ದವು. ಕೇಳಬೇಕಾದ ನಾಲ್ಕನೆಯದನ್ನು, ಅಂದರೆ ಆ ಸಂಸ್ಥೆ ಹೊರದೇಶದ ದುಡ್ಡನ್ನು ಕಾನೂನು ಪ್ರಕಾರ ಪಡೆಯಬಹುದಾ ಅನ್ನೋದನ್ನು, ಯಾರೂ ಕೇಳಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ಗೆಳೆಯ ರಾಣೆಬೆನ್ನೂರು ಕಡೆಯವನು. ಓದುವಾಗ ದಾವಣಗೆರೆಯಲ್ಲಿ ಒಂದೇ ರೂಮು, ಕೆಲಸಕ್ಕೆ ಬಂದಿದ್ದೂ ಒಂದೇ ದೇಶಕ್ಕೆ. ಅವನು ಸಣ್ಣವನಿದ್ದಾಗಲೇ ಅಪ್ಪ ಹೋಗಿದ್ದರು. ಹೊಲ ಇನ್ನೂ ಅಜ್ಜನ ಹೆಸರಿನಲ್ಲಿತ್ತು. ಪಹಣಿಯ ಒಂಬತ್ತನೇ ಕಾಲಂನಲ್ಲಿ ಅಪ್ಪನ ಹೆಸರೇ ಏರಿರಲಿಲ್ಲ, ಇನ್ನು ಅವ್ವನ ಹೆಸರು ಎಲ್ಲಿಂದ ಬರಬೇಕು? ಹೆಸರಿಲ್ಲ ಅಂದರೆ ಸೊಸೈಟಿ ಸಾಲ ಇಲ್ಲ, ಬೆಳೆ ಪರಿಹಾರ ಬಂದರೂ ಇನ್ನೊಬ್ಬರ ಖಾತೆಗೆ. ಅವ್ವ ತಮ್ಮದೇ ಹೊಲದಲ್ಲಿ ಮೈದುನನ ಮಾತು ಕೇಳಿಕೊಂಡು ಮೆಕ್ಕೆಜೋಳ ಮುರಿದು ಮಗನನ್ನು ಓದಿಸಿದರು. ಭಾನುವಾರ ಸೈಕಲ್ ಹೊಡೆಯುವಾಗೆಲ್ಲ ಅವನದು ಇದೇ ಮಾತು: ಊರಿಗೆ ಏನಾದರೂ ಮಾಡಿದರೆ ಇಂಥ ಹೆಣ್ಣುಮಕ್ಕಳ ಕಾಗದಪತ್ರ ಸರಿ ಮಾಡಿಸೋ ಕೆಲಸ ಮಾಡಬೇಕು. ನಲವತ್ತು ತುಂಬುವ ಮೊದಲೇ ಹೃದಯಾಘಾತದಲ್ಲಿ ಹೋದ.

ಆ ಕೆಲಸವನ್ನೇ ಮಾಡುವ ಒಂದು ಚಿಕ್ಕ ಟ್ರಸ್ಟ್ ಅವ್ವನಿಗೆ ಗೊತ್ತಿತ್ತು. ಗಂಡ ಸತ್ತ ಹೆಣ್ಣುಮಗಳನ್ನು ನಾಡಕಚೇರಿಗೆ ಕರೆದುಕೊಂಡು ಹೋಗಿ ವಂಶವೃಕ್ಷ ಮಾಡಿಸೋದು, ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ ಹಾಕಿಸೋದು, ವಿಧವಾ ವೇತನ ನಿಂತಿದ್ದರೆ ಮತ್ತೆ ಬರೋ ಹಾಗೆ ಮಾಡೋದು. ರೈತ ಆತ್ಮಹತ್ಯೆ ಮಾಡಿಕೊಂಡ ಮನೆಗಳಲ್ಲಿ ಇದು ಇನ್ನೂ ಕಠಿಣ. ಪಹಣಿ ಸತ್ತವನ ಹೆಸರಿನಲ್ಲಿಲ್ಲ, ಸಾಲ ಬ್ಯಾಂಕಿನದಲ್ಲ ಕೈಸಾಲ ಅಂತ ಪರಿಹಾರದ ಅರ್ಜಿಗಳು ತಿರಸ್ಕಾರವಾಗುತ್ತವೆ. ಪ್ರಾಮಾಣಿಕ ಜನ, ಒಳ್ಳೆಯ ಕೆಲಸ. ನಾವು ಆನ್‌ಲೈನಿನಲ್ಲಿ ದೇಣಿಗೆ ಕೂಡಿಸುವ ಪೇಜ್ ತೆರೆದು ಅವರ ಹೆಸರು ಬರೆದೆವು. ಆಫೀಸಿನವರು, ಕನ್ನಡ ಬಳಗದವರು, ಅವನ ಸೈಕಲ್ ಕ್ಲಬ್ಬಿನ ಇಂಗ್ಲಿಷರು ಎಲ್ಲ ಕೊಟ್ಟರು. ನಾವಂದುಕೊಂಡಿದ್ದಕ್ಕಿಂತ ಹೆಚ್ಚೇ ಬಂತು.

ಈಗ ತಪ್ಪಿನ ವಿಷಯ. ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಆ ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ, ಅಂದರೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ನೋಂದಣಿ, ಇರಲಿಲ್ಲ. ಅವರ ಹತ್ತಿರ 80ಜಿ ಸರ್ಟಿಫಿಕೇಟ್ ಇತ್ತು, ಅದನ್ನು ನೋಡಿ ಎಲ್ಲ ಸರಿಯಿದೆ ಅಂದುಕೊಂಡೆವು. 80ಜಿ ಬರೀ ಆದಾಯ ತೆರಿಗೆಯ ವಿಷಯ, ದಾನ ಕೊಟ್ಟವರಿಗೆ ಭಾರತದಲ್ಲಿ ತೆರಿಗೆ ರಿಯಾಯಿತಿ ಕೊಡಿಸುತ್ತದೆ ಅಷ್ಟೇ. ಹೊರದೇಶದ ದುಡ್ಡು ಮುಟ್ಟಬೇಕಾದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಕೆಳಗೆ ಕೇಂದ್ರ ಗೃಹ ಇಲಾಖೆಯ ನೋಂದಣಿ ಅಥವಾ ಪೂರ್ವಾನುಮತಿ ಬೇಕೇ ಬೇಕು. ನೋಂದಣಿ ಮಾಡಿಸಿಬಿಡೋಣ ಅಂದರೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚು ಮಾಡಿರಬೇಕು. ಬಸ್ ಚಾರ್ಜು, ಜೆರಾಕ್ಸು, ಇಬ್ಬರು ಕಾರ್ಯಕರ್ತೆಯರ ಸಂಬಳದಲ್ಲಿ ನಡೆಯುವ ಟ್ರಸ್ಟ್ ಅಷ್ಟು ಖರ್ಚು ತೋರಿಸೋದು ಎಲ್ಲಿಂದ?

ಹಾಗಾದರೆ ನೋಂದಣಿ ಇರುವ ಬೆಂಗಳೂರಿನ ದೊಡ್ಡ ಸಂಸ್ಥೆಗೆ ಕಳಿಸಿ, ಅಲ್ಲಿಂದ ಇವರಿಗೆ ಕೊಡಿಸೋಣ ಅಂದೆವು. 2020ರ ತಿದ್ದುಪಡಿ ಆದಮೇಲೆ ಅದೂ ಮುಚ್ಚಿದ ಬಾಗಿಲು. ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ, ಅದಕ್ಕೂ ನೋಂದಣಿ ಇದ್ದರೂ ಸಹ, ದಾಟಿಸುವಂತಿಲ್ಲ. ಹಣ ಮೊದಲು ಬಂದು ಬೀಳಬೇಕಾದದ್ದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಆಡಳಿತದ ಖರ್ಚು ಶೇಕಡ 20 ದಾಟಬಾರದು. ನಿಮ್ಮ ದುಡ್ಡಿನಲ್ಲಿ ಹೆಚ್ಚಿನದು ಸಂಬಳಕ್ಕೆ ಹೋಗುವಂಥ ಕೆಲಸವಾಗಿದ್ದರೆ ಆ ಸಂಬಳವನ್ನು ಯಾವ ಲೆಕ್ಕದಲ್ಲಿ ಬರೆಯುತ್ತಾರೆ ಅಂತಲೂ ಮೊದಲೇ ಕೇಳಿ.

ಇನ್ನೊಬ್ಬರು, ‘ನಿನ್ನದು ಭಾರತದ ಪಾಸ್‌ಪೋರ್ಟು, ಎಲ್ಲ ನಿನ್ನ ಖಾತೆಗೆ ಹಾಕಿಕೊಂಡು ನಿನ್ನ ಹೆಸರಲ್ಲಿ ಕಳಿಸಿಬಿಡು’ ಅಂದರು. ಇದಕ್ಕೆ ಮಾತ್ರ ಯಾವತ್ತೂ ಹೂಂ ಅನ್ನಬೇಡಿ. ಭಾರತದ ಪ್ರಜೆ ಹೊರದೇಶದಲ್ಲಿ ದುಡಿದ ತನ್ನ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ, ನಿಜ. ಆದರೆ ಬ್ರಿಟಿಷ್ ಪ್ರಜೆ ಕೊಟ್ಟ ದುಡ್ಡು ನಿಮ್ಮ ಉಳಿತಾಯ ಹೇಗಾಗುತ್ತದೆ? ಬೇರೆ ದೇಶದ ಪೌರತ್ವ ಪಡೆದ, ಓಸಿಐ ಕಾರ್ಡಿನ ಭಾರತ ಮೂಲದವರು ಕನ್ನಡದವರೇ ಆದರೂ ಕಾಯ್ದೆಯ ಕಣ್ಣಿಗೆ ವಿದೇಶಿಯರು. ಸಿಕ್ಕಿಬಿದ್ದರೆ ಕಷ್ಟ ಅನುಭವಿಸೋದು ಊರಿನ ಟ್ರಸ್ಟು.

ನಮ್ಮ ಪೇಜಿನಲ್ಲಿ ಇವೆಲ್ಲ ಒಟ್ಟಿಗೆ ಕಲೆತುಹೋಗಿದ್ದವು. ಜೊತೆಗೆ ಅದು ನೋಂದಾಯಿತ ಚಾರಿಟಿಯ ಪೇಜ್ ಆಗಿರಲಿಲ್ಲ, ನಮ್ಮದೇ ಖಾಸಗಿ ಪೇಜು. ಹಾಗಾಗಿ ಗಿಫ್ಟ್ ಏಡ್ ಸಿಗಲಿಲ್ಲ. ಇಲ್ಲಿ ತೆರಿಗೆ ಕಟ್ಟುವವರು ಚಾರಿಟಿಗೆ ಒಂದು ಪೌಂಡ್ ಕೊಟ್ಟು ಆ ಘೋಷಣೆಗೆ ಒಪ್ಪಿದರೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ನೂರು ಪೌಂಡಿಗೆ 25 ಪೌಂಡ್ ಸುಮ್ಮನೆ ಕೈಬಿಟ್ಟೆವು.

ಇಷ್ಟರಲ್ಲಿ ಊರಿನಲ್ಲಿ ಸುದ್ದಿ ಹಬ್ಬಿತ್ತು. ಅವ್ವ ಫೋನ್ ಮಾಡಿದರು. ‘ಯಪ್ಪಾ, ರೊಕ್ಕ ಬರತೈತಿ ಅಂತ ಆ ಹೆಣ್ಣಮಕ್ಕಳಿಗೆ ಹೇಳಿಬಿಟ್ಟೀವಿ. ಒಬ್ಬಾಕಿ ವಕೀಲರ ಫೀಜು ಕೊಡಬೇಕಂತ, ದಿನಾ ಬಂದು ಕಟ್ಟಿಮ್ಯಾಗ ಕುಂದರತಾಳ. ಏನಂತ ಹೇಳ್ಲಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗನನ್ನು ಕಳೆದುಕೊಂಡ ತಾಯಿಯನ್ನು ಆ ಹೆಂಗಸಿನ ಮುಂದೆ ತಲೆತಗ್ಗಿಸುವ ಹಾಗೆ ಮಾಡಿದ್ದೆವು. ಹಣ ಸಿಕ್ಕಿಹಾಕಿಕೊಂಡಿದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಟ್ಟಿತು.

ಕೊನೆಗೆ ಪ್ರತಿಯೊಬ್ಬ ದಾನಿಗೂ ಬರೆದೆವು. ಒಂದು ಉದ್ದೇಶ ಹೇಳಿ ಪಡೆದ ದುಡ್ಡನ್ನು ಅವರನ್ನು ಕೇಳದೆ ಇನ್ನೊಂದಕ್ಕೆ ತಿರುಗಿಸುವಂತಿರಲಿಲ್ಲ. ಕೆಲವರು ವಾಪಸ್ ಕೇಳಿದರು, ಕೊಟ್ಟೆವು. ಉಳಿದದ್ದು ಕರ್ನಾಟಕದಲ್ಲಿ ಎಫ್‌ಸಿಆರ್‌ಎ ಇರುವ ಸಂಸ್ಥೆಯೊಂದಿಗೆ ನೇರವಾಗಿ ಕೆಲಸ ಮಾಡುವ ಇಲ್ಲಿನ ಒಂದು ಚಾರಿಟಿಗೆ ಹೋಯಿತು. ಅವ್ವನ ಟ್ರಸ್ಟಿಗೆ ಭಾರತದ ಪಾಸ್‌ಪೋರ್ಟ್ ಇರುವ ನಾವು ಕೆಲವರು, ತಂತಮ್ಮ ಸಂಬಳದ ಉಳಿತಾಯದಿಂದ, ತಂತಮ್ಮ ಖಾತೆಯಿಂದ, ಬೇರೆಯಾಗಿ ಕಳಿಸಿದೆವು. ಮೊತ್ತ ಚಿಕ್ಕದು. ವಕೀಲರ ಫೀಜಿಗೆ ಸಾಕಾಯಿತು.

ಹಾಗಾಗಿ ‘ಎಷ್ಟು ಗುರಿ ಇಡಬೇಕು’ ಅನ್ನುವ ಪ್ರಶ್ನೆಯನ್ನು ಸದ್ಯ ಪಕ್ಕಕ್ಕಿಡಿ. ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇದೆಯಾ ಅಂತ ಮೊದಲು ಖಚಿತಪಡಿಸಿಕೊಳ್ಳಿ. ನೋಂದಣಿಗೆ ಐದೇ ವರ್ಷದ ಅವಧಿ, ನಡುವೆ ರದ್ದಾಗಿರಲೂಬಹುದು, ಎರಡನ್ನೂ ನೋಡಿ. ಇಲ್ಲಿನ ಚಾರಿಟಿಯ ನಂಬರನ್ನು, ಇಲ್ಲಿನ ಚಾರಿಟಿಗಳ ಮೇಲೆ ನಿಗಾ ಇಡುವ ಚಾರಿಟಿ ಕಮಿಷನ್ನಿನ ರಿಜಿಸ್ಟರಿನಲ್ಲಿ ಹುಡುಕಿ. ಪೇಜಿನಲ್ಲೇ ಒಂದು ಸಾಲು ಬರೆಯಿರಿ: ಈ ಸಂಸ್ಥೆಗೆ ಹಣ ತಲುಪಿಸಲು ಆಗದಿದ್ದರೆ ಇಂಥಲ್ಲಿಗೆ ಹೋಗುತ್ತದೆ ಅಂತ. ದುಡ್ಡು ಸಂಸ್ಥೆಗೆ ಮುಟ್ಟುವ ತನಕ ಊರಿನಲ್ಲಿ ಯಾರಿಗೂ ಮಾತು ಕೊಡಬೇಡಿ.

ಇನ್ನೆರಡು ವಿಷಯದಲ್ಲಿ ನಾನು ಹಟಮಾರಿ. ರೈಲು, ರೂಮು, ಊಟದ ಖರ್ಚು ಸವಾರರದ್ದೇ ಇರಬೇಕು, ದೇಣಿಗೆಯಿಂದ ಒಂದು ಪೆನ್ನಿ ಮುಟ್ಟಬಾರದು. ಮತ್ತೆ ನಿಮ್ಮ ಗೆಳೆಯನ ಹೆಂಡತಿಯ ಬಗ್ಗೆ ನೀವು ಒಂದಕ್ಷರ ಬರೆದಿಲ್ಲ. ಅವರನ್ನು ಕೇಳಿದ್ದೀರಾ? ದೂರದ ವಿಧವೆಯರಿಗೆ ಅಂತ ಹೊರಟವರು ಮೊದಲು ಹೋಗಬೇಕಾದ ಮನೆ ಅವರದು. ಫೋಟೊ ಯಾವುದು ಹಾಕಬೇಕು, ಹೆಸರು ಬಳಸಬಹುದಾ, ಈ ವರ್ಷವೇ ಬೇಕಾ ಎಂಬುದನ್ನು ಅವರು ಹೇಳಲಿ. ಬೇಡ ಅಂದರೆ ಬಿಡಿ.

ಜೂನ್ 23 ಒಳ್ಳೆಯ ದಿನ. ವಿಶ್ವಸಂಸ್ಥೆ 2010ರಲ್ಲಿ ಅದನ್ನು ಅಂತರರಾಷ್ಟ್ರೀಯ ವಿಧವೆಯರ ದಿನ ಅಂತ ಒಪ್ಪಿಕೊಂಡಿತು. ಆ ತಾರೀಖಿನ ಹಿಂದೆ ಇರುವುದೂ ಒಬ್ಬ ಮಗ. ಈ ದಿನದ ಆಚರಣೆ ಶುರುಮಾಡಿದ ಲಾರ್ಡ್ ಲೂಂಬಾ ಅವರ ತಾಯಿ ಪುಷ್ಪಾವತಿ ವಿಧವೆಯಾದದ್ದು 1954ರ ಜೂನ್ 23ರಂದು.

ಮಾರ್ಗ ಅಂದರೆ, ಲಂಡನ್–ಬ್ರೈಟನ್ 54 ಮೈಲಿ, ಒಂದೇ ದಿನದ್ದು, ಹೊಸಬರಿಗೆ ಸರಿ. ನಾವು ಹೋಗಿದ್ದು ‘ಸೀ ಟು ಸೀ’, ವೈಟ್‌ಹೇವನ್‌ನಿಂದ ಟೈನ್‌ಮೌತ್, ಸುಮಾರು 140 ಮೈಲಿ. ಹಿಂದಿನ ಚಕ್ರ ಐರಿಷ್ ಸಮುದ್ರದಲ್ಲಿ ಅದ್ದಿ ಹೊರಡುತ್ತಾರೆ, ಮುಂದಿನದನ್ನು ಉತ್ತರ ಸಮುದ್ರದಲ್ಲಿ ಅದ್ದಿ ಮುಗಿಸುತ್ತಾರೆ. ಹಾರ್ಟ್‌ಸೈಡ್ ಏರು 580 ಮೀಟರ್ ಎತ್ತರದ ತನಕ ಒಯ್ಯುತ್ತದೆ. ಕಡಿದಾಗಿಲ್ಲ, ಆದರೆ ಮುಗಿಯುವುದೇ ಇಲ್ಲ. ಪಶ್ಚಿಮದಿಂದ ಪೂರ್ವಕ್ಕೇ ಹೋಗಿ, ಸಾಮಾನ್ಯವಾಗಿ ಗಾಳಿ ಬೆನ್ನಿಗಿರುತ್ತದೆ. ವೈಟ್‌ಹೇವನ್‌ಗೆ ಹೋಗುವ ದಾರಿಯಲ್ಲಿ ರೈಲು ಬದಲಿಸುವ ಕಾರ್ಲೈಲ್‌ವರೆಗಿನ ರೈಲಿನಲ್ಲಿ ಸೈಕಲ್ಲಿಗೆ ಮೊದಲೇ ಜಾಗ ಕಾದಿರಿಸಿ. ನೀವು ಯೋಚಿಸಿರುವ ಸಂಸ್ಥೆ ಯಾವ ಜಿಲ್ಲೆಯದು ಅಂತ ತಿಳಿಸಿದರೆ, ಅದರ ನೋಂದಣಿ ಹೇಗೆ ಪರೀಕ್ಷಿಸೋದು ಅಂತ ನಾನೇ ಹೇಳಿಕೊಡುತ್ತೇನೆ.