ಬಡತನ, ಅವಮಾನದ ಟೆನ್ಷನ್ ಹುಡುಗರ ಮೈಗೆ, ಮೆದುಳಿಗೆ ನಿಜವಾಗಿ ತಟ್ಟುತ್ತಾ?

ತಟ್ಟುತ್ತದೆ. ನಿಮ್ಮ ತಮ್ಮ ನೆಪ ಹೇಳುತ್ತಿಲ್ಲ.

ರೋಣದ ಕಡೆಯಿಂದ ಬಂದು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾನೆ, ನಿದ್ದೆ ಬರಲ್ಲ, ಹೊಟ್ಟೆನೋವು ಅನ್ನುತ್ತಾನೆ, ಹಬ್ಬಕ್ಕೂ ಊರಿಗೆ ಬರಲ್ಲ, ಮನೆಯವರೆಲ್ಲ ‘ಮನಸ್ಸು ಗಟ್ಟಿ ಮಾಡ್ಕೋ’ ಅನ್ನುತ್ತಾರೆ ಅಂತ ಬರೆದಿದ್ದೀರಿ. ನಾನು ಧಾರವಾಡದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಡಾಕ್ಟರ್ ಅಲ್ಲ. ಆದರೆ ಈ ವಿಷಯ ಪಾಠದಲ್ಲೂ ಬರುತ್ತದೆ, ಕಣ್ಣೆದುರಿಗೂ ಬರುತ್ತದೆ.

ಅಪಾಯ ಅನ್ನಿಸಿದ ಕೂಡಲೇ ಮೆದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ. ಅದು ಕಿಡ್ನಿಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಮುಟ್ಟಿಸುತ್ತದೆ. ಅಲ್ಲಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ನರಗಳ ಸೂಚನೆಗೆ ಅದೇ ಗ್ರಂಥಿಗಳಿಂದ ಅಡ್ರಿನಲಿನ್ ಕೂಡ ಬರುತ್ತದೆ. ಸಕ್ಕರೆ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಜೀರ್ಣದ ಕೆಲಸ ಹಿಂದೆ ಬೀಳುತ್ತದೆ. ಹೊಟ್ಟೆನೋವಿಗೆ ಇದೂ ಒಂದು ಕಾರಣ ಇರಬಹುದು. ಅಪಾಯ ಕಳೆದ ಮೇಲೆ ಅದೇ ಕಾರ್ಟಿಸಾಲ್ ಮೆದುಳಿಗೆ ‘ಸಾಕು’ ಅನ್ನುತ್ತದೆ, ಎಲ್ಲ ತಣ್ಣಗಾಗುತ್ತದೆ. ದಿನಕ್ಕೂ ಅದಕ್ಕೊಂದು ತಾಳ ಇದೆ. ಬೆಳಿಗ್ಗೆ ಎದ್ದ ಅರ್ಧ ತಾಸಿಗೆ ತುಂಬ ಜಾಸ್ತಿ, ನಡುರಾತ್ರಿಯ ಹೊತ್ತಿಗೆ ತುಂಬ ಕಡಿಮೆ.

ಈಗ ಮುಖ್ಯ ಮಾತು. ಕಾರ್ಟಿಸಾಲ್ ಯಾವಾಗ ಅತಿ ಹೆಚ್ಚು ಏರುತ್ತದೆ ಗೊತ್ತಾ? ಡಿಕರ್ಸನ್ ಮತ್ತು ಕೆಮೆನಿ ಎಂಬ ಇಬ್ಬರು ಸಂಶೋಧಕರು 2004ರಲ್ಲಿ 208 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎರಡು ಸಂಗತಿ ಕೂಡಿದಾಗ ಏರಿಕೆ ಎಲ್ಲಕ್ಕಿಂತ ಜಾಸ್ತಿ ಇತ್ತು. ಒಂದು, ನಾಲ್ಕು ಜನ ನಮ್ಮನ್ನು ಅಳೆಯುತ್ತಿದ್ದಾರೆ ಅನ್ನುವುದು. ಇನ್ನೊಂದು, ಏನಾಗುತ್ತದೋ ಅದು ನಮ್ಮ ಕೈಯಲ್ಲಿಲ್ಲ ಅನ್ನುವುದು.

ಸಪ್ತಾಪುರದ ಹುಡುಗರ ಬದುಕಲ್ಲಿ ಈ ಎರಡೂ ದಿನಾ ಇವೆ. ಸಂಜೆ ಖಾನಾವಳಿ ಮುಂದೆ ನಿಂತಿದ್ದಾಗ ಫೋನ್ ಬರುತ್ತದೆ. ಹುಡುಗ ಅಪ್ಪನ ಹೆಸರು ನೋಡುತ್ತಾನೆ, ಸದ್ದು ಅಡಗಿಸಿ ಜೇಬಿಗೆ ಹಾಕುತ್ತಾನೆ. ಎತ್ತಿದರೆ ಮೊದಲ ಮಾತೇ “ಏನಪಾ, ನೌಕರಿದು ಏನಾತು?” ಅಪ್ಪ ಕೆಟ್ಟವರಲ್ಲ, ಸಾಲ ಮಾಡಿ ಕಳಿಸಿದ್ದಾರೆ. ಆದರೆ ಇವನ ಹತ್ತಿರ ಉತ್ತರ ಇಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವನು ಏನು ಮಾಡಬೇಕಿತ್ತು?

ಜಾತಿಯದ್ದೂ ಹೇಳಲೇಬೇಕು. ಹಾಫ್ ಮತ್ತು ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದಲ್ಲಿ ಶಾಲೆಯ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಜಾತಿ ಹೇಳದಿದ್ದಾಗ ಎಲ್ಲರೂ ಹೆಚ್ಚುಕಡಿಮೆ ಒಂದೇ ಸಮ ಬಿಡಿಸಿದರು. ಎಲ್ಲರೆದುರು ಹೆಸರು, ಜಾತಿ ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಹಿಂದೆ ಬಿದ್ದರು. ಯಾರೂ ಅವರ ರಕ್ತ ಪರೀಕ್ಷೆ ಮಾಡಲಿಲ್ಲ, ನಿಜ. ಆದರೂ ಅಡ್ಡಹೆಸರು ಕೇಳಿ ಮುಖ ನೋಡುವ ಕ್ಲಾಸಿನಲ್ಲಿ ಕೂತ ಮಗುವಿಗೆ ಏನಾಗುತ್ತದೆ ಅಂತ ತಿಳಿಯಲು ನನಗೆ ಇಷ್ಟು ಸಾಕು.

ಇಂಥದ್ದು ವರ್ಷಗಟ್ಟಲೆ ನಡೆದರೆ ‘ಸಾಕು’ ಅನ್ನುವ ಸಂಕೇತ ಸರಿಯಾಗಿ ಕೆಲಸ ಮಾಡದಿರಬಹುದು. ದಿನದ ತಾಳ ಕೆಡುತ್ತದೆ. ರಾತ್ರಿ ಇಳಿಯಬೇಕಾದದ್ದು ಇಳಿಯಲ್ಲ, ಬೆಳಿಗ್ಗೆ ಏರಬೇಕಾದದ್ದು ಏರಲ್ಲ. ಮೈಯೊಳಗೆ ಸಣ್ಣ ಉರಿಯೂತ ಉಳಿದುಬಿಡುತ್ತದೆ. ಅದರ ಸಂಕೇತ ಮೆದುಳಿಗೂ ತಲುಪಿ ಸುಸ್ತು, ಬೇಸರ, ಯಾವುದರಲ್ಲೂ ಆಸೆ ಇಲ್ಲದ ಹಾಗೆ ಮಾಡುತ್ತದೆ. ನೆನಪಿಗೆ ಬೇಕಾದ ಮೆದುಳಿನ ಭಾಗ ಹಿಪ್ಪೊಕ್ಯಾಂಪಸ್ ಸೊರಗಬಹುದು, ಭಯ ಹುಟ್ಟಿಸುವ ಭಾಗ ಅಮಿಗ್ಡಲಾ ಜೋರಾಗಬಹುದು. ಅಂದರೆ ನಿಮ್ಮ ತಮ್ಮ ಓದಿದ್ದು ನೆನಪಲ್ಲಿ ಉಳಿಯದಿದ್ದರೆ ಅದಕ್ಕೂ ಕಾರಣ ಇಲ್ಲೇ ಇರಬಹುದು. ಮೆಕ್‌ಇವನ್ ಮತ್ತು ಸ್ಟೆಲ್ಲರ್ 1993ರಲ್ಲೇ ಇಂಥ ಸವೆತಕ್ಕೆ ‘ಅಲೋಸ್ಟ್ಯಾಟಿಕ್ ಲೋಡ್’ ಅಂತ ಹೆಸರಿಟ್ಟರು. ವಿವೇಚನೆಯ ಭಾಗವಾದ ಮುಂಭಾಗದ ಮೆದುಳು ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಿರುತ್ತದೆ. ಹಾಗಾಗಿ ಈ ವಯಸ್ಸಿನ ಪೆಟ್ಟು ದೊಡ್ಡದು. ಹಾಗೆಯೇ ಈ ವಯಸ್ಸಿನಲ್ಲಿ ಸರಿಹೋಗುವ ಶಕ್ತಿಯೂ ದೊಡ್ಡದು.

ಭಾರ ಇಳಿಸಿದರೆ ಸುಧಾರಣೆ ಆಗುತ್ತದೆ ಅನ್ನುವುದಕ್ಕೂ ಪುರಾವೆ ಇದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಚೆರೋಕಿ ಎಂಬ ಮೂಲನಿವಾಸಿ ಸಮುದಾಯದವರ ಕ್ಯಾಸಿನೊ (ಜೂಜಿನ ಕೇಂದ್ರ) 1990ರ ದಶಕದಲ್ಲಿ ಶುರುವಾಗಿ, ಲಾಭದ ಪಾಲು ಮನೆಮನೆಗೆ ಬರತೊಡಗಿತು. ಬಡತನದಿಂದ ಹೊರಬಂದ ಮನೆಗಳ ಮಕ್ಕಳಲ್ಲಿ ಸಿಟ್ಟು, ಹಟಮಾರಿತನದ ತೊಂದರೆಗಳು ಎಂದೂ ಬಡವರಲ್ಲದ ಮಕ್ಕಳ ಮಟ್ಟಕ್ಕೆ ಇಳಿದವು. ಆತಂಕ, ಖಿನ್ನತೆ ಮಾತ್ರ ಅಷ್ಟಾಗಿ ಇಳಿಯಲಿಲ್ಲ. ಅದಕ್ಕೇ ಹಣದ ಜೊತೆ ಚಿಕಿತ್ಸೆಯೂ ಬೇಕು ಅನ್ನುವುದು ನನ್ನ ಅಭಿಪ್ರಾಯ.

ನೀವು ಅಕ್ಕ. ನಿಮ್ಮ ಮಾತು ಅವನು ಕೇಳುತ್ತಾನೆ. ಫೋನ್ ಮಾಡಿದಾಗ ನೌಕರಿ ಸುದ್ದಿ ಬಿಟ್ಟು ಊಟ, ನಿದ್ದೆ ಕೇಳಿ. ಇಂಥ ತಾರೀಖಿಗೆ ಊರಿಗೆ ಬಾ, ಯಾರೂ ಏನೂ ಕೇಳಲ್ಲ ಅನ್ನಿ, ಮತ್ತು ಮನೆಯವರನ್ನೂ ಆ ಮಾತಿಗೆ ಒಪ್ಪಿಸಿ. ಎರಡು ವಾರ ದಾಟಿದ ನಿದ್ರಾಹೀನತೆ, ಬೇಸರ ಇದ್ದರೆ ಧಾರವಾಡದಲ್ಲೇ ಇರುವ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಟ್ಟೆನೋವನ್ನೂ ಡಾಕ್ಟರಿಗೆ ತೋರಿಸಿ. ಅವನೇ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಬದುಕೇ ಬೇಡ ಅನ್ನುವಂಥ ಮಾತು ಬಂದರೆ ಅವತ್ತೇ ಬಸ್ ಹತ್ತಿ ಬನ್ನಿ. ನೀವು ಬರುವವರೆಗೆ ಅವನೊಬ್ಬನೇ ಇರದಂತೆ ರೂಮ್‌ಮೇಟಿಗೆ ಹೇಳಿ.