ಮಫ್ಲರ್, ಬಿಸ್ಕತ್ತು ಸರಿ, ಎಣ್ಣೆ ಮಾತ್ರ ಬೇಡ

ಅಕ್ಕನ ಹುಟ್ಟುಹಬ್ಬಕ್ಕೆ ನೀವೇ ಹೆಣೆದ ಉಣ್ಣೆಯ ಮಫ್ಲರ್, ಮನೆಯ ಬಿಸ್ಕತ್ತು, ಹಸಿ ಬೆಳ್ಳುಳ್ಳಿ ಹಾಕಿದ ಎಣ್ಣೆ, ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಕಳಿಸಬಹುದಾ, ತಲುಪೋಕೆ 5 ದಿನ ಬೇಕು ಅಂತ ಕೇಳಿದ್ದೀರಿ.

ಎಣ್ಣೆ ಬೇಡವೇ ಬೇಡ. ನೋಡೋಕೆ ಚಂದ ಇರುತ್ತೆ, ನಿಜ. ಆದರೆ ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಗೆ ಗಾಳಿ ತಾಗುವುದಿಲ್ಲ. ಫ್ರಿಜ್ಜಿನ ಹೊರಗೆ ಇಟ್ಟರೆ ಬೊಟುಲಿಸಂ ಅನ್ನೋ ಪ್ರಾಣಕ್ಕೇ ಅಪಾಯವಾಗಬಲ್ಲ ಕಾಯಿಲೆ ತರುವ ಬ್ಯಾಕ್ಟೀರಿಯಾ ಅಲ್ಲಿ ಬೆಳೆದು ವಿಷ ಬಿಡಬಹುದು. ಅದು ವಾಸನೆಯಲ್ಲೂ ಗೊತ್ತಾಗಲ್ಲ, ರುಚಿಯಲ್ಲೂ ಗೊತ್ತಾಗಲ್ಲ. ಅಂಗಡಿಯಲ್ಲಿ ಸಿಗುವಂಥದಕ್ಕೆ ಸಾಮಾನ್ಯವಾಗಿ ಆಮ್ಲ ಸೇರಿಸಿರುತ್ತಾರೆ, ಹಾಗಾಗಿ ಅದನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ.

ಬಿಸ್ಕತ್ತಿಗೆ ತೊಂದರೆ ಇಲ್ಲ. ನೀರಿನಂಶ ಕಡಿಮೆ ಅಲ್ವಾ, ಬೇಗ ಕೆಡಲ್ಲ. ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಹಬೆ ನೀರಾಗಿ ಮೆತ್ತಗಾಗುತ್ತವೆ. ಅದೇ ಡಬ್ಬದಲ್ಲಿ ಕೇಕ್ ಇಡುವ ಆಸೆ ಬೇಡ, ಕೇಕಿನ ತೇವವನ್ನೆಲ್ಲ ಬಿಸ್ಕತ್ತು ಎಳೆದುಕೊಳ್ಳುತ್ತೆ. ಡಬ್ಬದಲ್ಲಿ ಖಾಲಿ ಜಾಗ ಇದ್ದರೆ ಬೇಕಿಂಗ್ ಪೇಪರ್ ಮುದುಡಿ ತುಂಬಿ, ಇಲ್ಲದಿದ್ದರೆ ಅಕ್ಕನಿಗೆ ಸಿಗೋದು ಬರೀ ಪುಡಿ. ಏನೇನು ಹಾಕಿದ್ದೀರಿ ಅಂತ ಚೀಟಿ ಇಡಿ. ಅವರ ಮನೆಗೆ ಬಂದವರಿಗೆ ಕಡಲೆಕಾಯಿ ಅಲರ್ಜಿ ಇರಬಹುದು.

ಮಫ್ಲರನ್ನು ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬೆಣ್ಣೆ ಜಿಡ್ಡು ಅಂಟಿದರೆ ಹೋಗೋದು ಕಷ್ಟ. ಆಮೇಲೆ ಅಕ್ಕನಿಗೆ ಹೇಳಿಬಿಡಿ: ತಣ್ಣೀರಲ್ಲಿ ಉಜ್ಜದೆ ಅದ್ದಿ ತೆಗೆಯಬೇಕು, ನೇತು ಹಾಕದೆ ಹರಡಿ ಒಣಗಿಸಬೇಕು. ಬಿಸಿನೀರಲ್ಲಿ ಉಜ್ಜಿದರೆ ಉಣ್ಣೆ ಗಂಟುಕಟ್ಟಿ ಕುಗ್ಗಿಹೋಗುತ್ತೆ, ಮತ್ತೆ ಸರಿಮಾಡೋಕಾಗಲ್ಲ.